ಟರ್ಕಿ ಕೋಳಿಗಳ ಬೀಡಿನಲ್ಲಿ ಒಂಟಿ ನವಿಲು

ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ಒತ್ತಿಕೊಂಡಂತೆ, ವರ್ಮಾಂಟ್ ಎಂಬ ಪುಟ್ಟ ರಾಜ್ಯವಿದೆ. ಹಸಿರು ಬೆಟ್ಟಗಳು, ಹಾಲಿನ ಹಸುಗಳು, ಉದ್ದನೆಯ ಚಳಿಗಾಲ ಇವೇ ಆ ಸೀಮೆಯ ಹೆಗ್ಗುರುತುಗಳು. 2019ನೆಯ ಇಸವಿಯ ಕೊನೆಯಲ್ಲಿ ಅಲ್ಲಿನ ಮೀನು ಹಾಗೂ ವನ್ಯಜೀವಿ ಇಲಾಖೆಗೆ ವಿಚಿತ್ರವಾದ ಅಹವಾಲೊಂದು ಬಂದಿತು. ಮನೆಯಲ್ಲಿ ಸಾಕಿದ ನವಿಲೊಂದು ಕೆಲವು ವಾರಗಳ ಹಿಂದೆ ಗೂಡು ಬಿಟ್ಟು ಹಾರಿಹೋಗಿದೆ, ಈಗ ಅದು ಕಾಡು ಟರ್ಕಿ ಕೋಳಿಗಳ ಹಿಂಡಿನೊಡನೆ ಅಲೆಯುತ್ತಿರುವುದು ಕಂಡುಬಂದಿದೆ, ಏನು ಮಾಡಬೇಕು? ಇದು ನವಿಲನ್ನು ಸಾಕಿದವರ ಪ್ರಶ್ನೆ. ಇಲಾಖೆಯವರು ಆ ಸುದ್ದಿಯನ್ನೂ ಚಿತ್ರವನ್ನೂ ಜನರ ಮುಂದಿಟ್ಟರು. ಕಂದು ಬಣ್ಣದ ಟರ್ಕಿಗಳ ನಡುವೆ ನೀಲಿ ಕೊರಳಿನ ಆ ಪರದೇಶಿಯನ್ನು ಕಂಡು ದೇಶವೆಲ್ಲ ನಕ್ಕಿತು. ಪತ್ರಿಕೆಗಳು ಅದನ್ನು ಒಂದು ಮೋಜಿನ ವಾರ್ತೆಯೆಂದು ಅಚ್ಚು ಹಾಕಿದುವು.

ನಗುವುದಕ್ಕೇನೋ ಅಡ್ಡಿಯಿಲ್ಲ. ಆದರೆ ಸಾಕಿದವರ ಪ್ರಶ್ನೆ ನಗೆಯ ಪ್ರಶ್ನೆಯಲ್ಲ. ಓಡಿಹೋದ ಆ ಹಕ್ಕಿ ಕಳೆದುಹೋಯಿತೆ, ಅಥವಾ ತನ್ನವರನ್ನು ಸೇರಿಕೊಂಡಿತೆ? ಟರ್ಕಿಗಳು ನವಿಲಿಗೆ ಎಷ್ಟರ ಮಟ್ಟಿಗೆ ತನ್ನವರು? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಎರಡು ಖಂಡಗಳ ಚರಿತ್ರೆಯನ್ನೇ ತಿರುವಿಹಾಕಬೇಕಾಗುತ್ತದೆ.

ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತಂತೆ ಎಂಬ ಗಾದೆ ನಮ್ಮಲ್ಲಿದೆ. ಕೆಂಬೂತದ ಮಟ್ಟಿಗೆ ಅದು ನಿಜವಿರಬಹುದು. ಆದರೆ ಟರ್ಕಿ ಕೋಳಿ ನವಿಲನ್ನು ನೋಡಿ ಕಲಿತದ್ದಲ್ಲ. ಮನುಷ್ಯರು ಹಡಗು ಕಟ್ಟುವುದಕ್ಕೆ ಎಷ್ಟೋ ಯುಗಗಳ ಮುಂಚೆಯೇ, ಸಮುದ್ರದ ಆಚೆ ದಡದ ಕಾಡುಗಳಲ್ಲಿ ಗಂಡು ಟರ್ಕಿ ತನ್ನಷ್ಟಕ್ಕೆ ತಾನು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ಎದೆಯುಬ್ಬಿಸಿ, ರೆಕ್ಕೆಯ ತುದಿಗಳನ್ನು ನೆಲಕ್ಕೆ ಉಜ್ಜುತ್ತ ಹೆಣ್ಣುಗಳ ಮುಂದೆ ಠೀವಿಯಿಂದ ನಡೆಯುತ್ತಿತ್ತು. ಇತ್ತ ನಮ್ಮ ನವಿಲು ಮಳೆಗಾಲದ ಮೋಡದ ಕೆಳಗೆ ಸೋಗೆ ಬಿಚ್ಚಿ ಕುಣಿಯುತ್ತಿತ್ತು. ಒಂದರ ಕುಣಿತ ಇನ್ನೊಂದಕ್ಕೆ ತಿಳಿಯದು. ಅಲ್ಲದೆ, ಎರಡೂ ಬಿಚ್ಚುವುದು ಒಂದೇ ವಸ್ತುವನ್ನೂ ಅಲ್ಲ. ಟರ್ಕಿ ಬಿಚ್ಚುವುದು ನಿಜವಾದ ಬಾಲ. ಅದರಲ್ಲಿ 18 ಗರಿಗಳಿರುತ್ತವೆ. ನವಿಲಿನ ಸೋಗೆಯಾದರೋ ಬಾಲವೇ ಅಲ್ಲ. ಬಾಲದ ಬುಡವನ್ನು ಮುಚ್ಚುವ ಗರಿಗಳು ಅತಿಯಾಗಿ ಬೆಳೆದು ಸೋಗೆಯಾಗಿವೆ. ನಿಜವಾದ ಬಾಲ ಹಿಂದೆ ನಿಂತು ಆ ಭಾರಕ್ಕೆ ಆನಿಕೆ ಕೊಡುತ್ತದೆ. ನವಿಲು ಬೆನ್ನು ತಿರುಗಿಸಿದಾಗ ನೋಡಿದವರಿಗೆ ಆ ಕಂದು ಬಣ್ಣದ ಗಿಡ್ಡ ಗರಿಗಳ ಗುಟ್ಟು ತಿಳಿದಿರುತ್ತದೆ.

ಪ್ರಾಣಿಶಾಸ್ತ್ರಜ್ಞರು ಎರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ಕೋಳಿ, ಕೌಜುಗ, ಪುರಲೆ ಹಕ್ಕಿಗಳದೂ ಅದೇ ಕುಟುಂಬ. ಆದರೆ ಒಂದೇ ಕುಟುಂಬವೆಂದ ಮಾತ್ರಕ್ಕೆ ಒಡಹುಟ್ಟಿದವುಗಳೆಂದು ಭಾವಿಸಬಾರದು. ಈಚಿನ ವಂಶವಾಹಿ ಪರೀಕ್ಷೆಗಳ ಪ್ರಕಾರ ನವಿಲಿಗೆ ನಮ್ಮ ಕಾಡುಕೋಳಿಯೇ ಟರ್ಕಿಗಿಂತ ಹತ್ತಿರದ ಸಂಬಂಧಿ. ಟರ್ಕಿಯ ನೆಂಟಸ್ತಿಕೆ ಉತ್ತರ ದೇಶಗಳ ಗ್ರೌಸ್ ಮುಂತಾದ ಹಕ್ಕಿಗಳ ಕಡೆಗೆ. ಇಬ್ಬರ ಪೂರ್ವಿಕರು ಬೇರೆಯಾಗಿ ಕೋಟ್ಯಂತರ ವರ್ಷಗಳಾದುವು. ದಾಯಾದಿಗಳು ಹೌದು, ಸೂತಕ ಹಿಡಿಯಬೇಕಾದಷ್ಟು ಹತ್ತಿರದವರಲ್ಲ.

ಮನುಷ್ಯರು ಮಾತ್ರ ಈ ಎರಡನ್ನೂ ಬೆರಸಿ ಗೊಂದಲ ಮಾಡಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಟರ್ಕಿ ಕೋಳಿ ಮೆಕ್ಸಿಕೋ ದೇಶದಲ್ಲಿ ಸುಮಾರು 2000 ವರ್ಷಗಳ ಹಿಂದೆಯೇ ಸಾಕುಹಕ್ಕಿಯಾಗಿತ್ತು. 16ನೆಯ ಶತಮಾನದ ಆರಂಭದಲ್ಲಿ ಸ್ಪೇನಿನವರು ಅದನ್ನು ಯೂರೋಪಿಗೆ ಒಯ್ದರು. ಬಾಲ ಬಿಚ್ಚುವ ಈ ಹೊಸ ಹಕ್ಕಿಗೆ ಅವರು ಇಟ್ಟ ಹೆಸರು ‘ಪಾವೊ’. ಅದು ಲ್ಯಾಟಿನ್ನಿನಲ್ಲಿ ನವಿಲಿನ ಹೆಸರು. ಕೊನೆಗೆ ಬಂದವನಿಗೆ ಮನೆಯ ಹೆಸರೇ ಸಂದುಹೋಗಿ, ಮೂಲದ ಒಡೆಯನಾದ ನವಿಲು ‘ಪಾವೊ ರೆಆಲ್’, ಎಂದರೆ ‘ರಾಜ ಪಾವೊ’ ಎಂದು ಕರೆಸಿಕೊಳ್ಳಬೇಕಾಯಿತು. ಇಂದಿಗೂ ಸ್ಪ್ಯಾನಿಷ್ ಭಾಷೆಯಲ್ಲಿ ಬರಿಯ ಪಾವೊ ಎಂದರೆ ಟರ್ಕಿಯೇ. 1758ರಲ್ಲಿ ಲಿನೇಯಸ್ ಪಂಡಿತ ಟರ್ಕಿಗೆ ಶಾಸ್ತ್ರೀಯ ನಾಮಕರಣ ಮಾಡಿದಾಗ ಗೊಂದಲ ಪರಾಕಾಷ್ಠೆಗೆ ಮುಟ್ಟಿತು. ‘ಮೆಲಿಯಾಗ್ರಿಸ್ ಗ್ಯಾಲೊಪಾವೊ’ ಎಂಬ ಆ ಹೆಸರಿನಲ್ಲಿ ಮೊದಲ ಪದ ಆಫ್ರಿಕದ ಗಿನಿ ಕೋಳಿಯದು. ಎರಡನೆಯದರ ಅರ್ಧ ಹುಂಜ, ಉಳಿದರ್ಧ ನವಿಲು. ಒಂದು ಹಕ್ಕಿಯ ಹೆಸರಿನಲ್ಲಿ ಮೂರು ಹಕ್ಕಿಗಳು, ಅದರಲ್ಲಿ ಒಂದೂ ತಾನಲ್ಲ!

ಊರಿನ ವಿಚಾರದಲ್ಲಿಯೂ ಇದೇ ಅವಸ್ಥೆ. ಇಂಗ್ಲಿಷರು ಅದನ್ನು ತುರ್ಕಿ ದೇಶಕ್ಕೆ ಅಂಟಿಸಿದರು. ತುರ್ಕರು ತಮ್ಮದಲ್ಲವೆಂದು ಅದನ್ನು ‘ಹಿಂದಿ’ ಎಂದು ಕರೆದರು. ಫ್ರೆಂಚರ ‘ದ್ಯಾಂಡ್’ ಎಂಬ ಪದದ ಅರ್ಥವೂ ‘ಇಂಡಿಯಾದ್ದು’ ಎಂದೇ. ಡಚ್ಚರಂತೂ ಊರನ್ನೇ ಗೊತ್ತುಮಾಡಿಬಿಟ್ಟರು: ಅವರ ‘ಕಾಲ್ಕೂನ್’ ಎಂಬುದು ನಮ್ಮ ಪಶ್ಚಿಮ ಕರಾವಳಿಯ ಕಲ್ಲಿಕೋಟೆಯಿಂದ ಹುಟ್ಟಿದ ಹೆಸರು. ಅಮೆರಿಕವನ್ನು ಇಂಡಿಯಾ ಎಂದು ತಿಳಿದ ಕಾಲದ ತಪ್ಪು ಅದು. ನಿಜವಾಗಿ ಇಂಡಿಯಾದ ಹಕ್ಕಿಯಾದ ನವಿಲಿನ ಪಾಲಿಗೆ ಉಳಿದದ್ದು ಹಳೆಯ ಒಂದು ಗೌರವ. ಸೊಲೊಮನ್ ರಾಜನ ಆಸ್ಥಾನಕ್ಕೆ ಹಡಗುಗಳಲ್ಲಿ ಬಂದ ಹಕ್ಕಿಗಳಿಗೆ ಹೀಬ್ರೂ ಬೈಬಲಿನಲ್ಲಿರುವ ‘ತುಕ್ಕಿ’ ಎಂಬ ಪದ, ತಮಿಳಿನ ‘ತೋಕೈ’ ಎಂಬುದರಿಂದ ಬಂದಿರಬೇಕೆಂದು ಅನೇಕ ವಿದ್ವಾಂಸರ ಊಹೆ. ನಮ್ಮ ‘ತೋಕೆ’ಯೂ ಅದೇ ಬಳ್ಳಿಯ ಹೂವು.

ಎರಡು ಹಕ್ಕಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಸರಿಯಾಗಿ ನೋಡಿದ ಮೊದಲಿಗರಲ್ಲಿ ಒಬ್ಬ ನಮ್ಮ ದೇಶದ ಚಕ್ರವರ್ತಿ ಎಂಬುದು ಹೆಮ್ಮೆಯ ಸಂಗತಿ. 1612ರಲ್ಲಿ ಮುಕರ್ರಬ್ ಖಾನನೆಂಬ ಅಧಿಕಾರಿ ಪೋರ್ತುಗೀಸರ ಗೋವೆಯಿಂದ ಜಹಾಂಗೀರನಿಗೆ ಅಪೂರ್ವ ವಸ್ತುಗಳನ್ನು ತಂದೊಪ್ಪಿಸಿದ. ಅವುಗಳಲ್ಲಿ ಒಂದು ಟರ್ಕಿ ಕೋಳಿಯೂ ಇತ್ತು. ನವಿಲುಗಳ ನಡುವೆ ಬೆಳೆದ ಆ ದೊರೆ ತನ್ನ ದಿನಚರಿಯಲ್ಲಿ ಅದನ್ನು ಅಳೆದದ್ದೂ ನವಿಲಿನ ಅಳತೆಗೋಲಿನಿಂದಲೇ: ಹೆಣ್ಣು ನವಿಲಿಗಿಂತ ದೊಡ್ಡದು, ಗಂಡಿಗಿಂತ ಚಿಕ್ಕದು, ಮದವೇರಿದಾಗ ನವಿಲಿನಂತೆಯೇ ಗರಿಗೆದರಿ ಕುಣಿಯುತ್ತದೆ. ಆದರೆ ಅವನ ಕಣ್ಣು ಅಲ್ಲಿಗೇ ನಿಲ್ಲಲಿಲ್ಲ. ಅದರ ಬೋಳು ತಲೆ ಮತ್ತು ಕೊರಳು ಗೋಸುಂಬೆಯಂತೆ ಗಳಿಗೆಗೊಂದು ಬಣ್ಣ ತಾಳುವುದನ್ನು, ಒಮ್ಮೆ ಹವಳದಂತೆ ಕೆಂಪಾಗಿ, ಒಮ್ಮೆ ಹತ್ತಿಯಂತೆ ಬೆಳ್ಳಗಾಗಿ, ಮತ್ತೊಮ್ಮೆ ನೀಲಿಗೆ ತಿರುಗುವುದನ್ನು ಆತ ಬೆರಗಿನಿಂದ ಬರೆದಿಟ್ಟ. ಆಸ್ಥಾನದ ಚಿತ್ರಕಾರ ಮನ್ಸೂರನಿಂದ ಅದರ ಚಿತ್ರವನ್ನೂ ಬರೆಯಿಸಿದ. ಆ ಚಿತ್ರ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಬಣ್ಣ ಬದಲಿಸುವ ಈ ತಲೆಯ ವಿಷಯವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಕೆಲಸವಿದೆ.

ಟರ್ಕಿ ಪೂರ್ವಕ್ಕೆ ಬಂದಂತೆ ನವಿಲು ಪಶ್ಚಿಮಕ್ಕೆ ಹೋಯಿತು. ಬೆಳ್ಳಿಯ ಗಣಿಗಳಿಂದ ಹಣವಂತನಾದ ಬಾಲ್ಡ್‌ವಿನ್ ಎಂಬಾತ 1880ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಬಳಿಯ ತನ್ನ ವಿಶಾಲವಾದ ಜಮೀನಿಗೆ ಇಂಡಿಯಾದಿಂದ ನವಿಲುಗಳನ್ನು ತರಿಸಿದ. ಆ ಜಮೀನಿನ ಒಂದು ಭಾಗ ಇಂದು ಸಸ್ಯೋದ್ಯಾನ; ಸುತ್ತಲಿನದು ಆರ್ಕೇಡಿಯಾ ಎಂಬ ನಗರ. ನವಿಲುಗಳ ಸಂತತಿ ಮಾತ್ರ ಬೇಲಿಯನ್ನು ಲೆಕ್ಕಿಸದೆ ಬೀದಿಗಳಿಗೆ ಹರಡಿತು. ಹೆಂಚಿನ ಮೇಲೆ ಓಡಾಡಿ, ಬೆಳಗಿನ ಜಾವಕ್ಕೆ ಕೂಗಿ, ಹೊಳೆಯುವ ಮೋಟಾರು ಕಾರಿನಲ್ಲಿ ತನ್ನದೇ ಬಿಂಬವನ್ನು ಕಂಡು ಎದುರಾಳಿಯೆಂದು ಕುಟುಕಿ, ಅವು ಅರ್ಧ ಊರಿಗೆ ಮುದ್ದು, ಅರ್ಧ ಊರಿಗೆ ಪೀಡೆ. ಅಮೆರಿಕದ ಬೇರೆ ಕಡೆಗಳಲ್ಲಿಯೂ ಹವ್ಯಾಸಕ್ಕಾಗಿ ನವಿಲು ಸಾಕುವವರು ಅನೇಕರು. ಸಾಕಿದ ಕಡೆ ತಪ್ಪಿಸಿಕೊಳ್ಳುವುದೂ ಇದ್ದೇ ಇರುತ್ತದೆ.

ಇದೇ ಲಾಸ್ ಏಂಜಲೀಸಿನಲ್ಲಿ ಲಾ ಬ್ರೇಯ ಎಂಬ ಡಾಂಬರಿನ ಮಡುಗಳಿವೆ. ಸಾವಿರಾರು ವರ್ಷಗಳ ಹಿಂದೆ ಅವುಗಳಲ್ಲಿ ಸಿಕ್ಕಿಬಿದ್ದ ಪ್ರಾಣಿಗಳ ಎಲುಬುಗಳು ಕೆಡದೆ ಉಳಿದಿವೆ. 1909ರಲ್ಲಿ ಲಾಯ್ ಮಿಲ್ಲರ್ ಎಂಬ ವಿಜ್ಞಾನಿ ಅಲ್ಲಿ ದೊರೆತ ದೊಡ್ಡ ಹಕ್ಕಿಯೊಂದರ ಎಲುಬುಗಳನ್ನು ಪರೀಕ್ಷಿಸಿ, ಇದು ನವಿಲೇ ಎಂದು ತೀರ್ಮಾನಿಸಿ, ‘ಕ್ಯಾಲಿಫೋರ್ನಿಯಾದ ನವಿಲು’ ಎಂಬ ಅರ್ಥದ ಹೆಸರನ್ನು ಕೊಟ್ಟರು. ಹೆಚ್ಚಿನ ಎಲುಬುಗಳು ಸಿಕ್ಕಿದ ಮೇಲೆ, 1916ರಲ್ಲಿ ಅವರೇ ಅದನ್ನು ‘ನವಿಲಿನ ಹತ್ತಿರದ್ದು’ ಎಂದು ತಿದ್ದಿಕೊಂಡರು. ಕೊನೆಗೆ ಅದು ಶುದ್ಧ ಟರ್ಕಿಯೆಂದು ಸಿದ್ಧವಾಯಿತು. ಚರ್ಮ, ಗರಿ, ಬಣ್ಣಗಳನ್ನೆಲ್ಲ ಕಳಚಿ ಬರಿಯ ಎಲುಬಿಗೆ ಇಳಿಸಿದರೆ ನುರಿತ ಪಂಡಿತರಿಗೂ ಎರಡರಲ್ಲಿ ಭೇದ ಹೇಳುವುದು ಕಷ್ಟವಾಯಿತೆಂದರೆ, ದಾರಿ ತಪ್ಪಿದ ಒಂದು ನವಿಲು ಟರ್ಕಿಗಳನ್ನು ತನ್ನವರೆಂದು ಬಗೆದುದರಲ್ಲಿ ಆಶ್ಚರ್ಯವೇನು?

ಇನ್ನು ವರ್ಮಾಂಟಿನ ಟರ್ಕಿಗಳ ಕಥೆ. ಆ ನವಿಲಿಗೆ ಆಶ್ರಯ ಕೊಟ್ಟ ಹಿಂಡು ಕೂಡ ಒಂದು ಬಗೆಯಲ್ಲಿ ವಲಸೆ ಬಂದವರದೇ. ಕಾಡು ಕಡಿದು ಕುರಿಗಳ ಹುಲ್ಲುಗಾವಲು ಮಾಡಿದ್ದರಿಂದಲೂ ಮಿತಿಯಿಲ್ಲದ ಬೇಟೆಯಿಂದಲೂ 19ನೆಯ ಶತಮಾನದ ಮಧ್ಯದ ಹೊತ್ತಿಗೆ ಆ ರಾಜ್ಯದಲ್ಲಿ ಕಾಡು ಟರ್ಕಿ ನಿರ್ನಾಮವಾಗಿತ್ತು. ನೂರು ವರ್ಷಗಳ ತರುವಾಯ ಕಾಡು ಮತ್ತೆ ಬೆಳೆಯಿತು. 1969 ಮತ್ತು 1970ರಲ್ಲಿ ನೆರೆಯ ನ್ಯೂಯಾರ್ಕ್ ರಾಜ್ಯದಲ್ಲಿ ಬಲೆ ಹಾಕಿ ಹಿಡಿದ 31 ಟರ್ಕಿಗಳನ್ನು ತಂದು ನೈಋತ್ಯ ಭಾಗದ ಕಾಡುಗಳಲ್ಲಿ ಬಿಟ್ಟರು. ಇಂದು ಆ ರಾಜ್ಯದಲ್ಲಿ ಹತ್ತಾರು ಸಾವಿರ ಟರ್ಕಿಗಳಿವೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಮೊದಮೊದಲು ಕೋಳಿಸಾಲೆಗಳಲ್ಲಿ ಮರಿ ಮಾಡಿಸಿ ಬೆಳೆಸಿದ ಟರ್ಕಿಗಳನ್ನು ಕಾಡಿಗೆ ಬಿಟ್ಟು ನೋಡಿದರು. ಸಾವಿರಗಟ್ಟಲೆ ಬಿಟ್ಟರೂ ಅವು ನಿಲ್ಲಲಿಲ್ಲ. ರಕ್ತ ಟರ್ಕಿಯದೇ, ಆದರೆ ಯಾವ ನೆರಳಿಗೆ ಅಂಜಬೇಕು, ಯಾವ ಕೊಂಬೆಯ ಮೇಲೆ ರಾತ್ರಿ ಕಳೆಯಬೇಕು, ಹಿಮ ಮುಚ್ಚಿದಾಗ ಎಲ್ಲಿ ಕೆದಕಬೇಕು ಎಂಬ ವಿದ್ಯೆಯನ್ನು ಹೇಳಿಕೊಡಲು ಕಾಡಿನ ತಾಯಿ ಇರಲಿಲ್ಲ. ಕಾಡಿನಲ್ಲಿಯೇ ಹುಟ್ಟಿ ಬೆಳೆದವುಗಳನ್ನು ಹಿಡಿದು ತಂದು ಬಿಟ್ಟಾಗ ಮಾತ್ರ ಕೆಲಸ ಕೈಗೂಡಿತು. ಅಂಗಳದಲ್ಲಿ ಕಾಳು ತಿಂದು ಬೆಳೆದ ಟರ್ಕಿಯ ಪಾಡೇ ಇದಾದರೆ, ಅಂಗಳದಲ್ಲಿ ಬೆಳೆದ ನವಿಲಿನ ಪಾಡನ್ನು ಹೇಳುವುದೇನು? ಅದರ ಮೂಲಪ್ರಜ್ಞೆಯಲ್ಲಿ ಹುಲಿ ಚಿರತೆಗಳ ಭಯವಿರಬಹುದು. ಕಾಯೋಟಿಯ ನಡೆಯಾಗಲಿ, ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕಿನ ಹೊಂಚಾಗಲಿ, ರಾತ್ರಿ ಕೊಂಬೆಯ ಮೇಲೆಯೇ ಬಂದೆರಗುವ ಕೊಂಬಿನ ಗೂಬೆಯಾಗಲಿ ಅದಕ್ಕೆ ತಿಳಿಯದು. ಹಿಮವನ್ನಂತೂ ಅದರ ಅಜ್ಜಂದಿರು ಕನಸಿನಲ್ಲಿಯೂ ಕಂಡಿರಲಾರರು.

ಆದುದರಿಂದ ಟರ್ಕಿಗಳ ಹಿಂಡು ಅದಕ್ಕೆ ಬರಿಯ ಜೊತೆಯಲ್ಲ, ಅದೊಂದು ಪಾಠಶಾಲೆ. ಹಿಂಡಿನಲ್ಲಿ ಹಲವು ಜೊತೆ ಕಣ್ಣುಗಳು. ಒಂದು ಟರ್ಕಿ ‘ಪಟ್’ ಎಂದು ಮೊಟಕಾಗಿ ಕೂಗಿದರೆ ಸಾಕು, ಎಲ್ಲ ಕೊರಳುಗಳೂ ಒಮ್ಮೆಗೇ ನೆಟ್ಟಗಾಗುತ್ತವೆ. ಆ ಕೂಗಿನ ಅರ್ಥ ತಿಳಿಯದವನೂ ನಾಲ್ಕು ದಿನ ಜೊತೆಯಲ್ಲಿದ್ದರೆ ಕೊರಳೆತ್ತುವುದನ್ನು ಕಲಿತಾನು. ಸಂಜೆಯಾದೊಡನೆ ಎತ್ತರದ ಮರವನ್ನೇರುವುದು ಎರಡು ಜಾತಿಗೂ ಸಹಜ. ಆಹಾರದಲ್ಲಿಯೂ ಜಗಳವಿಲ್ಲ: ಕಾಳು, ಹಣ್ಣು, ಚಿಗುರು, ಮಿಡತೆ, ಹಲ್ಲಿ, ಓಕ್ ಮರದ ಕಾಯಿ, ಏನು ಸಿಕ್ಕಿದರೂ ಸೈ. ಹಿಮ ಬಿದ್ದ ಮೇಲೆ ಟರ್ಕಿಗಳು ಬಿಸಿಲು ಬೀಳುವ ಇಳಿಜಾರುಗಳಿಗೆ, ಜೋಳ ಕೊಯ್ದ ಹೊಲಗಳ ಕೂಳೆಗೆ, ಹೊಲಕ್ಕೆ ಹರಡಿದ ಸೆಗಣಿ ಗೊಬ್ಬರದಲ್ಲಿ ಅರಗದೆ ಉಳಿದ ಕಾಳಿಗೆ ಬರುತ್ತವೆ. ಬಿರುಗಾಳಿಯ ದಿನಗಳಲ್ಲಿ ಮರದಿಂದ ಇಳಿಯದೆ ಉಪವಾಸವಿರುವುದೂ ಅವಕ್ಕೆ ಗೊತ್ತು. ಇವುಗಳನ್ನು ಹಿಂಬಾಲಿಸುವ ನವಿಲು ಚಳಿಗಾಲವನ್ನು ದಾಟೀತು. ಒಂಟಿಯಾಗಿ ಅಲೆಯುವ ನವಿಲು ದಾಟುವುದು ಕಷ್ಟ. ಶರತ್ಕಾಲದಲ್ಲಿ ಹೊರಟ ಗಂಡಿಗೆ ಇನ್ನೊಂದು ಅನುಕೂಲವೂ ಉಂಟು. ಬೇಸಗೆಯ ಕೊನೆಯಲ್ಲಿ ಸೋಗೆಯೆಲ್ಲ ಉದುರಿಹೋಗಿರುವುದರಿಂದ, ಹೊಸ ಗರಿ ಪೂರ್ತಿಯಾಗುವವರೆಗೆ ಅದರ ಮೈ ಹಗುರ.

ಟರ್ಕಿಗಳು ಅದನ್ನು ಸೇರಿಸಿಕೊಂಡುದೇಕೆ ಎಂದರೆ, ಓಡಿಸಲು ಕಾರಣವಿಲ್ಲದುದೇ ಮುಖ್ಯ ಕಾರಣ. ಚಳಿಗಾಲದಲ್ಲಿ ಅವು ದೊಡ್ಡ ಹಿಂಡುಗಳಾಗಿ ಕೂಡಿರುತ್ತವೆ. ಪ್ರಣಯದ ಪೈಪೋಟಿ ಆಗ ತಣ್ಣಗಿರುತ್ತದೆ. ಸಾಕಣೆಯಲ್ಲಿ ನವಿಲಿನ ಮೊಟ್ಟೆಗಳನ್ನು ಕೋಳಿಯ ಅಥವಾ ಟರ್ಕಿಯ ಕಾವಿಗೆ ಇಡುವ ರೂಢಿಯೂ ಇದೆ. ಎರಡಕ್ಕೂ ಕಾವಿನ ಅವಧಿ ಸುಮಾರು 28 ದಿನಗಳೇ. ಹಾಗೆ ಟರ್ಕಿಯ ರೆಕ್ಕೆಯಡಿಯಲ್ಲಿ ಕಣ್ಣು ತೆರೆದ ನವಿಲಾದರೆ ಅದಕ್ಕೆ ಜಗತ್ತಿನಲ್ಲಿ ಟರ್ಕಿಯೇ ತಾಯಿ, ಟರ್ಕಿಯೇ ಬಂಧು.

ಈ ‘ಬಂಧು’ ಎಂಬ ಭಾವ ಎಷ್ಟು ಬಲವಾದುದೆಂಬುದಕ್ಕೆ ಆಸ್ಟ್ರಿಯಾದ ಪ್ರಾಣಿಶಾಸ್ತ್ರಜ್ಞ ಕೊನ್ರಾಡ್ ಲೊರೆಂಜ್ ಅವರು 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಕಥೆಯಿದೆ. ಮೊದಲನೆಯ ಮಹಾಯುದ್ಧ ಮುಗಿದ ಕಾಲ. ವಿಯೆನ್ನಾದ ಷೋನ್‌ಬ್ರುನ್ ಪ್ರಾಣಿಸಂಗ್ರಹಾಲಯದಲ್ಲಿ ನವಿಲಿನ ಮರಿಗಳೆಲ್ಲ ಚಳಿಗೆ ಸತ್ತು ಒಂದು ಮಾತ್ರ ಉಳಿಯಿತು. ಅದನ್ನು ಬದುಕಿಸುವುದಕ್ಕಾಗಿ ಅಲ್ಲಿದ್ದ ಅತ್ಯಂತ ಬೆಚ್ಚನೆಯ ಕೋಣೆಯಲ್ಲಿಟ್ಟರು. ಅದು ದೈತ್ಯ ಆಮೆಗಳ ಕೋಣೆ. ನವಿಲು ಬದುಕಿತು, ಬೆಳೆಯಿತು, ಚೆಲುವಾದ ಸೋಗೆಯನ್ನೂ ಪಡೆಯಿತು. ಆದರೆ ಬದುಕಿರುವವರೆಗೂ ಅದು ಕುಣಿದದ್ದು ಆಮೆಗಳ ಮುಂದೆ ಮಾತ್ರ. ಸುತ್ತ ಸುಳಿದ ಹೆಣ್ಣು ನವಿಲುಗಳನ್ನು ಅದು ತಲೆಯೆತ್ತಿಯೂ ನೋಡಲಿಲ್ಲ. ಆಮೆಗಳಿಗೆ ಆ ನಾಟ್ಯದಿಂದ ಏನನ್ನಿಸಿತೋ!

ಟರ್ಕಿಗಳೊಡನೆ ಬಾಳುವ ನವಿಲಿನ ಕಷ್ಟವೂ ವಸಂತ ಬಂದಾಗಲೇ ತೊಡಗುತ್ತದೆ. ಆಗ ಹಿಂಡು ಒಡೆಯುತ್ತದೆ. ಗಂಡುಗಳು ಬಯಲಿನಲ್ಲಿ ಬಾಲ ಬಿಚ್ಚುತ್ತವೆ. ಹೆಣ್ಣುಗಳು ಮೊಟ್ಟೆಯಿಡುವುದಕ್ಕೆ ಒಂದೊಂದಾಗಿ ಪೊದೆಗಳಿಗೆ ಸರಿಯುತ್ತವೆ. ನವಿಲಿಗೂ ಅದೇ ಋತು. ಹೊಸ ಸೋಗೆ ಬಿಚ್ಚಿ ಅದು ಯಾರಿಗಾಗಿ ಕುಣಿಯಬೇಕು? ಟರ್ಕಿಯ ಕಣ್ಣಿಗೆ ಪ್ರಣಯದ ಸಂಕೇತ ಬಾಲಕ್ಕಿಂತ ಹೆಚ್ಚಾಗಿ ತಲೆಯಲ್ಲಿರುತ್ತದೆ. ಜಹಾಂಗೀರ್ ಬೆರಗಾಗಿ ನೋಡಿದ, ಬಣ್ಣ ಬದಲಿಸುವ ಅದೇ ಬೋಳು ತಲೆಯಲ್ಲಿ. ಪೆನ್ಸಿಲ್ವೇನಿಯಾದ ಷೈನ್ ಮತ್ತು ಹೇಲ್ ಎಂಬ ವಿಜ್ಞಾನಿಗಳು ಗಂಡು ಟರ್ಕಿಗಳ ಮುಂದೆ ಹೆಣ್ಣಿನ ತಲೆಯೊಂದನ್ನು ಮಾತ್ರ ಕಡ್ಡಿಗೆ ಸಿಕ್ಕಿಸಿ ನಿಲ್ಲಿಸಿ ನೋಡಿದರು. ಮೈಯಿಲ್ಲ, ರೆಕ್ಕೆಯಿಲ್ಲ, ಆದರೂ ಗಂಡು ಅದರ ಮುಂದೆ ಠೀವಿಯಿಂದ ನಡೆದಾಡಿತು! ಗರಿ ತುಂಬಿದ, ಜುಟ್ಟು ನಿಮಿರಿದ ನವಿಲಿನ ತಲೆ ಅಂಥ ಕಣ್ಣಿಗೆ ಏನನ್ನು ಹೇಳೀತು? ಸೋಗೆಯ ನೂರು ಕಣ್ಣುಗಳನ್ನು ಓದಬಲ್ಲವಳು ಮಯೂರಿಯೊಬ್ಬಳೇ. ಅವಳೋ ಆ ಕಾಡಿನಲ್ಲಿಲ್ಲ.

ಪ್ರಣಯಕ್ಕಿಂತ ಭೀಕರವಾದುದು ಜಗಳ. ಇದನ್ನೂ ಲೊರೆಂಜ್ ಅವರೇ ಕಂಡು ಬರೆದಿದ್ದಾರೆ. ಎರಡು ಟರ್ಕಿ ಹುಂಜಗಳು ಕಾದಾಡುವಾಗ ಸೋತದ್ದು ಕೊರಳನ್ನು ನೆಲಕ್ಕೆ ಚಾಚಿ ಮಲಗಿಬಿಡುತ್ತದೆ. ಅದು ಶರಣಾಗತಿಯ ಮುದ್ರೆ. ಅದನ್ನು ಕಂಡೊಡನೆ ಗೆದ್ದದ್ದು, ಎಷ್ಟೇ ಕೋಪವಿದ್ದರೂ, ಕುಟುಕಲಾರದೆ ಸುತ್ತಮುತ್ತ ತಿರುಗಾಡಿ ಸುಮ್ಮನಾಗುತ್ತದೆ. ನವಿಲು ಮತ್ತು ಟರ್ಕಿ ಪರಸ್ಪರರ ಸವಾಲನ್ನು ಅರ್ಥಮಾಡಿಕೊಳ್ಳುವಷ್ಟು ಹತ್ತಿರದವು. ಆದ್ದರಿಂದ ಅವೆರಡರ ನಡುವೆ ಕಾಳಗ ಹತ್ತುತ್ತದೆ. ತೂಕದಲ್ಲಿಯೂ ಬಲದಲ್ಲಿಯೂ ಟರ್ಕಿಯದೇ ಮೇಲುಗೈ. ಆದರೆ ಅದು ಕುಸ್ತಿಯ ಪೈಲ್ವಾನನಂತೆ ಹಿಡಿತಕ್ಕೆ ಸಿದ್ಧವಾಗುತ್ತಿರುವಾಗಲೇ ನವಿಲು ಮೇಲಕ್ಕೆ ಹಾರಿ ಕಾಲಿನ ಮುಳ್ಳಿನಿಂದ ಹೊಡೆದಿರುತ್ತದೆ. ಈ ಪಟ್ಟು ತನ್ನ ಕುಲದ ಯುದ್ಧಧರ್ಮದಲ್ಲಿಲ್ಲವೆಂದು ದಿಗ್ಭ್ರಮೆಗೊಂಡ ಟರ್ಕಿ, ಮೈಯಲ್ಲಿ ಶಕ್ತಿಯಿರುವಾಗಲೇ, ಶರಣೆಂದು ಕೊರಳು ಚಾಚಿ ಮಲಗುತ್ತದೆ.

ನವಿಲಿಗೆ ಆ ಭಾಷೆ ಬಾರದು. ಸವಾಲು ತಿಳಿದ ಅದಕ್ಕೆ ಶರಣಾಗತಿ ತಿಳಿಯದು. ಅದು ಕುಟುಕುತ್ತಲೇ ಇರುತ್ತದೆ. ಟರ್ಕಿಯಾದರೋ ಎದ್ದು ಓಡಲಾರದು. ಪೆಟ್ಟು ಬಿದ್ದಷ್ಟೂ ಆ ಮುದ್ರೆಯಲ್ಲಿಯೇ ಹೆಚ್ಚು ಹೆಚ್ಚಾಗಿ ಸೆರೆಯಾಗುತ್ತದೆ. ಮನುಷ್ಯರು ನಡುವೆ ಬಂದು ಬಿಡಿಸದಿದ್ದರೆ ಅದರ ಸಾವು ನಿಶ್ಚಯ. ಇದು ಸಾಕಿದ ಅಂಗಳಗಳ ಅನುಭವವೆಂಬುದನ್ನು ಮರೆಯಬಾರದು. ತೆರೆದ ಕಾಡಿನಲ್ಲಿ ದೂರ ಸರಿಯಲು ಎಡೆಯುಂಟು, ಚಳಿಗಾಲದಲ್ಲಿ ಜಗಳಕ್ಕೆ ಕಾರಣವೂ ಕಡಮೆ. ಆದರೂ ಎರಡೂ ಬಾಲ ಬಿಚ್ಚುತ್ತವೆ, ಆದ್ದರಿಂದ ಒಂದೇ ಕುಲ ಎಂದು ನಲಿಯುವವರು ಈ ಸಂಗತಿಯನ್ನು ಒಮ್ಮೆ ಯೋಚಿಸುವುದು ಒಳ್ಳೆಯದು.

ಹಾಗಾದರೆ ಸಾಕಿದವರು ಮಾಡಬೇಕಾದುದೇನು? ಅಮೆರಿಕದಲ್ಲಿ ನವಿಲು ನಮ್ಮ ದೇಶದಲ್ಲಿರುವಂತೆ ಕಾನೂನಿನ ರಕ್ಷಣೆ ಪಡೆದ ರಾಷ್ಟ್ರಪಕ್ಷಿಯಲ್ಲ. ಹಿತ್ತಿಲಿನ ಕೋಳಿಯಂತೆ ಅದೂ ಸಾಕಿದವರ ಸೊತ್ತು. ಹಿಡಿಯುವ ಹೊಣೆಯೂ ಅವರದೇ. ನವಿಲನ್ನು ಬಲ್ಲವರು ಹೇಳುವ ಉಪಾಯ ಸರಳವಾದುದು: ಅಟ್ಟಿಸಿಕೊಂಡು ಹೋಗಬಾರದು, ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಪರಿಚಿತವಾದ ಕಾಳನ್ನು ಇಟ್ಟು ಕಾಯಬೇಕು. ಇನ್ನೊಂದು ನವಿಲು ಗೂಡಿನಲ್ಲಿದ್ದರಂತೂ ಅದರ ಕೂಗೇ ಎಲ್ಲಕ್ಕಿಂತ ಬಲವಾದ ಕರೆ. ಕೆಲವು ಮರಳುತ್ತವೆ. ಕೆಲವು ಕಾಳು ತಿಂದು, ಸುತ್ತ ನೋಡಿ, ಮತ್ತೆ ಹಿಂಡಿನ ಜಾಡು ಹಿಡಿಯುತ್ತವೆ.

ಮೇ ತಿಂಗಳಿನಲ್ಲಿ ವರ್ಮಾಂಟಿನಲ್ಲಿ ಗಂಡು ಟರ್ಕಿಗಳ ಬೇಟೆಯ ಕಾಲ. ಬೆಳಕು ಹರಿಯುವ ಮುನ್ನ ಟರ್ಕಿಗಳು ಯಾವ ಮರದಲ್ಲಿವೆಯೆಂದು ತಿಳಿಯಲು ಅಮೆರಿಕದ ಬೇಟೆಗಾರರು ನಾನಾ ಕೂಗುಗಳನ್ನು ಕೂಗುತ್ತಾರೆ. ಗೂಬೆಯ ಕೂಗು, ಕಾಗೆಯ ಕೂಗು. ಫಕ್ಕನೆ ಕೇಳಿದ ಗಟ್ಟಿಯಾದ ಸದ್ದಿಗೆ ಗಂಡು ಟರ್ಕಿ ತಡೆಯಲಾರದೆ ಓಗೊಡುತ್ತದೆ. ಗುಡುಗಿಗೂ ಅಷ್ಟೆ, ಮೋಟಾರಿನ ಬಾಗಿಲು ಬಡಿದರೂ ಅಷ್ಟೆ. ಹೀಗೆ ಮಾರುವ ಸೀಟಿಗಳಲ್ಲಿ ನವಿಲಿನ ಕೂಗಿನದೂ ಒಂದುಂಟು. ಮರದ ಮೇಲೆ ನಿಜವಾದ ನವಿಲೇ ಇದ್ದರೆ ಸೀಟಿ ಬೇಕಿಲ್ಲ. ನಸುಕಿನಲ್ಲಿ ಅದು ಕೇಕೆ ಹಾಕುತ್ತದೆ; ಕಣಿವೆಯ ಆಚೆಯಿಂದ ಟರ್ಕಿಯೊಂದು ಗಳಗಳನೆ ಉತ್ತರ ಕೊಡುತ್ತದೆ. ನವಿಲು ಕೊರಳೆತ್ತಿ ಆ ದಿಕ್ಕಿಗೆ ನೋಡಿ, ಮತ್ತೊಮ್ಮೆ ಕೂಗುತ್ತದೆ.